ಬೀರುವಿನಲ್ಲಿದ್ದ ತಾಯಿ ಕಾರ್ಡು

ಸೇಡು ಎಂಬ ಮಾತನ್ನು ನಮ್ಮ ಕಂಪನಿಯ ವರದಿಯಲ್ಲಿ ಬರೆಯುವಂತಿಲ್ಲ. ಅಲ್ಲಿರುವುದು ‘ಲೋಪ’, ‘ಸರಿಪಡಿಸುವ ಕ್ರಮ’, ‘ಗಡುವು’ ಎಂಬ ಮೂರು ಕಾಲಂಗಳು. ಕೆಲವು ವರ್ಷಗಳಿಂದ ಅವನ್ನು ತುಂಬುತ್ತಾ ಬಂದಿದ್ದೇನೆ, ಅಚ್ಚುಕಟ್ಟಾಗಿಯೇ ತುಂಬುತ್ತೇನೆ. ಆದರೆ ಈಗ ಬರೆಯುತ್ತಿರುವುದು ವರದಿಯಲ್ಲವಲ್ಲ, ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ನನಗೆ ಒಬ್ಬ ಮನುಷ್ಯನ ಮೇಲೆ ಸೇಡಿತ್ತು. ಅದು ಆರಲಿ ಎಂದು ನಾನು ಯಾವ ದೇವರನ್ನೂ ಬೇಡಿಕೊಂಡವಳಲ್ಲ.

ನಮ್ಮ ಕಂಪನಿ ಹುಣಸೆಹಣ್ಣನ್ನು ಅರೆದು, ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳಿಸುತ್ತದೆ. ಹಣ್ಣು ಬರುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಶೆಡ್ಡುಗಳಿಂದ. ಹೊರದೇಶದ ಅಂಗಡಿಯವರು ಈಗೀಗ ಹಣ್ಣಿನ ಬಣ್ಣ, ಹುಳಿ ಕೇಳಿ ಸುಮ್ಮನಾಗುವುದಿಲ್ಲ. ಬಡಿದವರು ಯಾರು, ಇಷ್ಟಪಟ್ಟು ಬಂದವರೇ, ಬೇಡವೆನಿಸಿದ ದಿನ ಎದ್ದು ಮನೆಗೆ ಹೋಗಬಹುದೇ ಎಂದೂ ಕೇಳುತ್ತಾರೆ. ಶೆಡ್ಡಿಗೆ ಹೋಗಿ, ಹೆಂಗಸರ ಜೊತೆ ಕೂತು ಮಾತಾಡಿ, ಆ ಪ್ರಶ್ನೆಗಳಿಗೆ ಉತ್ತರ ತರುವುದು ನನ್ನ ಕೆಲಸ. ಕನ್ನಡ ಬರುತ್ತದೆ, ಪಾವಗಡದ ಕಡೆಯ ತೆಲುಗು ಬರುತ್ತದೆ, ಶಿರಾ ಪೇಟೆಯಲ್ಲಿ ಬೈಸಿಕೊಳ್ಳದೆ ಓಡಾಡುವಷ್ಟು ಉರ್ದು ಬರುತ್ತದೆ. ಅರ್ಜಿಯಲ್ಲಿ ಇಷ್ಟನ್ನು ಬರೆದಿದ್ದೆ. ನಾನೂ ಹಣ್ಣು ಬಡಿದವಳೇ ಎಂದು ಬರೆದಿರಲಿಲ್ಲ.

ನನ್ನೂರು ನಿಡುಗಲ್ ಬೆಟ್ಟದ ಬುಡದಲ್ಲಿರುವ ಒಂದು ಹಳ್ಳಿ. ಹದಿನೆಂಟು ತುಂಬಿದ ವರ್ಷ ಶಿರಾ ಹೊರಗಿನ ಒಂದು ಶೆಡ್ಡಿಗೆ ಸೇರಿದೆ. ನೆಲದ ಮೇಲೆ ಸಾಲಾಗಿ ಕೂತು, ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿದು, ಸಿಪ್ಪೆ ಉದುರಿಸಿ, ನಾರೆಳೆದು, ಬೀಜ ತೆಗೆಯಬೇಕು. ವಾರದೊಳಗೆ ಬೆರಳುಗಳು ಕಪ್ಪಗೆ ಅಂಟಂಟಾಗುತ್ತವೆ. ಉಗುರಿನ ಸಂದಿ ಹುಳಿಗೆ ಬೆಂದು, ಬಿಸಿ ಸಾರಿಗೆ ಮುದ್ದೆ ಅದ್ದುವಾಗ ಜೀವ ಹೋಗಿ ಬರುತ್ತದೆ. ಅದಕ್ಕೇನೂ ನಾನು ಗೊಣಗುವವಳಲ್ಲ, ಕೆಲಸ ಅಂದ ಮೇಲೆ ಕೈ ನೋಯುತ್ತದೆ.

ಶೆಡ್ಡಿನ ಯಜಮಾನನ ಪದ್ಧತಿ ಮಾತ್ರ ಬೇರೆ ಇತ್ತು. ಮುಂಗಡ ಕೊಟ್ಟು ಜನರನ್ನು ಕಟ್ಟಿಹಾಕುವುದು ಹಳೇ ಕಾಲದವರ ದಡ್ಡತನ ಎಂದು ಅವನು ನಗುತ್ತಿದ್ದ. ಸೇರಿದ ದಿನವೇ ನಮ್ಮ ರೇಷನ್ ಕಾರ್ಡು, ಓಟಿನ ಕಾರ್ಡು ಇಸಿದುಕೊಂಡು, "ನಿಮ್ಮತ್ರ ಇದ್ರೆ ಕಳ್ಕಂತೀರ, ಇಲ್ಲಿ ಜೋಪಾನವಾಗಿರ್ತವೆ" ಎಂದು ಆಫೀಸು ಕೋಣೆಯ ಕಬ್ಬಿಣದ ಬೀರುವಿಗೆ ಹಾಕಿ ಬೀಗ ಜಡಿದ. ಸುಗ್ಗಿ ಮುಗಿಯುವವರೆಗೆ ಬೀರುವೂ ತೆಗೆಯುತ್ತಿರಲಿಲ್ಲ, ಗೇಟೂ ತೆಗೆಯುತ್ತಿರಲಿಲ್ಲ. ಕಾರ್ಡಿಲ್ಲದೆ ಊರಿಗೆ ಹೋದರೆ ಅಕ್ಕಿ ಸಿಗುವುದಿಲ್ಲ, ಆಸ್ಪತ್ರೆಯಲ್ಲಿ ಚೀಟಿ ಸಿಗುವುದಿಲ್ಲ. ಹಗ್ಗ ಬೇಡ, ಸರಪಳಿ ಬೇಡ, ನಾವು ಅಲ್ಲೇ ಇರುತ್ತಿದ್ದೆವು.

ಒಂದು ಮಧ್ಯಾಹ್ನ ನಮ್ಮೂರಿನವನೊಬ್ಬ ಗೇಟಿನಾಚೆ ನಿಂತು, ನಮ್ಮವ್ವನಿಗೆ ಉಸಿರು ಕಟ್ಟಿ ಪಾವಗಡದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಕೂಗಿ ಹೇಳಿ ಹೋದ. ನಾನು ಯಜಮಾನನ ಹತ್ತಿರ ಓಡಿದೆ. ಅವನು ಚಹಾ ಕುಡಿಯುತ್ತಿದ್ದ.

"ಯಜಮಾನ್ರೇ, ಒಂದಿನ ಬುಡಿ. ನಮ್ಮವ್ವುನ್ನ ನೋಡ್ಕಂಡು ಬಂದ್ಬುಡ್ತೀನಿ."

"ನೀನ್ ಹೋದ್ರೆ ನಿಮ್ಮವ್ವ ಎದ್ ಕುಂತ್ಕತಾಳೇನೇ? ನೀನೇನ್ ಡಾಕ್ಟ್ರಾ? ಹೋಗು, ಹಣ್ ಬಡಿ."

ಎರಡು ದಿನ ಅವನ ಕಾಲು ಹಿಡಿದೆ. ಮೂರನೆಯ ದಿನ ಕಾಂಪೌಂಡು ಹಾರಿ, ಬರಿಗೈಯಲ್ಲಿ ಬಸ್ಸು ಹತ್ತಿ ಊರು ಮುಟ್ಟಿದಾಗ, ಮಣ್ಣು ಮಾಡಿ ಬಂದವರು ಬಾಗಿಲ ಮುಂದೆ ಕೈಕಾಲು ತೊಳೆಯುತ್ತಿದ್ದರು. "ಬಂದ್ಲಾ, ಬಂದ್ಲಾ ಅಂತ ಕೇಳ್ತಾನೇ ಇದ್ಲು ಕಣಮ್ಮ" ಎಂದು ನಮ್ಮಪ್ಪ ಹೇಳಿದ. ಅದೊಂದು ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಮರೆಯಲಿಲ್ಲ, ಮರೆಯಲು ಪ್ರಯತ್ನವನ್ನೂ ಪಡಲಿಲ್ಲ. ಮಧುಗಿರಿಯಲ್ಲಿ ಮನೆಗೆಲಸ ಮಾಡಿಕೊಂಡೇ ಪರೀಕ್ಷೆಗಳಿಗೆ ಕಟ್ಟಿ, ಮಹಿಳಾ ಸಂಘದಲ್ಲಿ ಲೆಕ್ಕ ಬರೆದು, ಕೊನೆಗೆ ಈ ಕಂಪನಿಗೆ ಬಂದು ಸೇರಿದೆ. ಅವನು ಶಿರಾ ಬಿಟ್ಟು ಹೋಗಿದ್ದ. ಎಲ್ಲಿಗೆ ಹೋದರೂ ಹುಣಸೆಹಣ್ಣು ಬಿಟ್ಟು ಬದುಕುವವನಲ್ಲ ಎಂದು ನನಗೆ ಗೊತ್ತಿತ್ತು.

ಅವನು ಸಿಗುವ ಮುಂಚೆ ನಾನೇ ಒಂದು ತಪ್ಪು ಮಾಡಿದೆ. ಅದನ್ನು ಮುಚ್ಚಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಶಿರಾದ ಇನ್ನೊಬ್ಬರ ಶೆಡ್ಡಿನಲ್ಲಿ ಇದೇ ಬಗೆಯ ಬೀರು ಕಂಡಿತು. ಹಿಂದೆಮುಂದೆ ನೋಡದೆ ‘ವ್ಯಾಪಾರ ಕೂಡಲೇ ನಿಲ್ಲಿಸಿ’ ಎಂದು ಬರೆದು, ಎದೆಯುಬ್ಬಿಸಿಕೊಂಡು ಬಂದೆ. ಕಂಪನಿ ನಿಲ್ಲಿಸಿತು. ಮುಂದಿನ ವಾರ ಹೋಗಿ ನೋಡಿದರೆ ಶೆಡ್ಡಿಗೆ ಬೀಗ. ಎದುರುಗಡೆ ಚಪ್ಪಲಿ ಹೊಲಿಗೆಯ ಅಂಗಡಿ ಇಟ್ಟಿದ್ದ ಮುದುಕ ಸಾಬರು ಹೇಳಿದರು:

"ಜುಮ್ಮಾ ನಮಾಜಿಗೆ ಹೋಗಿ ವಾಪಸ್ ಬರೋದ್ರೊಳಗೆ ಪೂರಾ ಖಾಲಿ ಮಾಡ್ಬುಟ್ರು ಬೇಟಿ. ಹೆಂಗಸ್ರನ್ನ ಟೆಂಪೋಗೆ ತುಂಬ್ಕಂಡ್ ಹೋದ್ರು. ಎಲ್ಲಿಗೋ, ಖುದಾಗೇ ಗೊತ್ತು."

"ಕಾರ್ಡು ಕೊಟ್ರಾ ಅವರಿಗೆ?"

"ಬೀರು ಭೀ ಟೆಂಪೋದಲ್ಲೇ ಹೋಯ್ತು. ನೀವು ಬಂದ್ರಿ, ಬರ್ಕೊಂಡ್ರಿ, ಹೋದ್ರಿ. ಅವ್ರಿಗೇನ್ ಫಾಯ್ದಾ ಆಯ್ತು, ಹೇಳಿ?"

ಆ ಹೆಂಗಸರನ್ನು ಹುಡುಕಿಕೊಂಡು ಆಂಧ್ರದ ಗಡಿಯವರೆಗೂ ಅಲೆದೆ. ಒಬ್ಬರೂ ಸಿಗಲಿಲ್ಲ. ಕಂಪನಿಯ ಕೈ ಮಾತ್ರ ಶುದ್ಧವಾಗಿತ್ತು, ಥೂ! ಕಚೇರಿಯಲ್ಲಿ ಜಗಳವಾಡಿ ಜಗಳವಾಡಿ, ಕೊನೆಗೆ ಒಂದು ಹೊಸ ನಿಯಮ ಬರೆಸಿದೆ. ಇಂಥ ತಪ್ಪು ಕಂಡರೆ ಮೊದಲು ವ್ಯಾಪಾರ ಕಡಿದು ಓಡಿಬರಬಾರದು. ಮಾಲನ್ನು ತಡೆದು ನಿಲ್ಲಿಸಬೇಕು, ಕಾರ್ಮಿಕ ಇಲಾಖೆಗೆ ತಿಳಿಸಬೇಕು, ಮತ್ತು ಕೊನೆಯ ಹೆಂಗಸಿನ ಕೈಗೆ ಅವಳ ಕಾರ್ಡು ಬರುವವರೆಗೆ ನಮ್ಮವರು ಗೇಟು ಬಿಟ್ಟು ಕದಲಬಾರದು. ನಿಯಮ ಕಾಗದದ ಮೇಲಿತ್ತು. ಯಾರೂ ಅದನ್ನು ಮಾಡಿ ನೋಡಿರಲಿಲ್ಲ.

ಹೋದ ಸುಗ್ಗಿಯಲ್ಲಿ ಹೊಸದಾಗಿ ಹಣ್ಣು ಕೊಡುವವರ ಪಟ್ಟಿ ಬಂತು. ಅದರಲ್ಲಿ ಅವನ ಹೆಸರಿತ್ತು. ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ರಸ್ತೆಯಲ್ಲಿ ಹೊಸ ಶೆಡ್ಡು, ಇಪ್ಪತ್ತಾರು ಜನ ಹೆಂಗಸರು. ಬೆಂಗಳೂರಿನ ನಮ್ಮ ಮೇಲಧಿಕಾರಿ, ನನಗಿಂತ ಹತ್ತು ವರ್ಷ ಚಿಕ್ಕವಳು, ಫೋನಿನಲ್ಲಿ ಕೇಳಿದಳು: "ಇವರು ನಿಮಗೆ ಪರಿಚಯ ಏನಾದ್ರೂ ಇದ್ದಾರಾ?" ಪರಿಚಯದವರ ಶೆಡ್ಡಿಗೆ ತಪಾಸಣೆಗೆ ಹೋಗಬಾರದು ಎಂಬ ನಿಯಮವಿದೆ. "ಇಲ್ಲ ಮೇಡಂ" ಅಂದೆ. ಹಸಿ ಸುಳ್ಳು. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿಲ್ಲ. ಹೋಗುವ ದಿನ ಬೆಳಿಗ್ಗೆ ಮದುವೆಗೆ ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟೆ.

ಗೇಟಿನಲ್ಲೇ ಕೈಮುಗಿದುಕೊಂಡು ನಿಂತಿದ್ದ. ತಲೆ ನೆರೆತಿತ್ತು, ಹೊಟ್ಟೆ ಬಂದಿತ್ತು, ದನಿ ಅದೇ.

"ಬನ್ನಿ ಮೇಡಂ, ಬನ್ನಿ. ಬಿಸ್ಲಲ್ಲಿ ಬಂದಿದ್ದೀರ, ಮೊದ್ಲು ಎಳ್ನೀರ್ ಕುಡೀರಿ."

ಅವನ ಬಾಯಲ್ಲಿ ‘ಮೇಡಂ’ ಕೇಳಿ ನನಗೆ ಎಂಥ ಖುಷಿಯಾಯಿತೆಂದರೆ, ಅದನ್ನು ಇನ್ನೊಮ್ಮೆ ಕೇಳಲೆಂದೇ "ಏನಂದ್ರಿ?" ಅಂದೆ. ಮತ್ತೆ ಅಂದ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಎಳನೀರು ಮುಟ್ಟಲಿಲ್ಲ ನಾನು. ಅಂಗಳದಲ್ಲಿ ನಮ್ಮ ಉಗ್ರಾಣಕ್ಕೆ ಹೊರಡಲಿದ್ದ ಲಾರಿ, ಹಣ್ಣು ತುಂಬಿ, ಟಾರ್ಪಾಲು ಬಿಗಿದು ನಿಂತಿತ್ತು.

ಶೆಡ್ಡಿನ ಹಿಂದೆ ಬೇವಿನ ಮರದ ಕೆಳಗೆ ಚಾಪೆ ಹಾಸಿಸಿಕೊಂಡು ಒಬ್ಬೊಬ್ಬರನ್ನೇ ಕರೆದೆ. ಯಜಮಾನ ದೂರ ಇರಬೇಕೆಂಬ ನಿಯಮಕ್ಕೆ ಅವನು ತಕರಾರಿಲ್ಲದೆ ಒಪ್ಪಿದ. ಒಪ್ಪಿದ್ದೇಕೆಂದು ಮೊದಲನೆಯವಳು ಬಾಯಿ ಬಿಟ್ಟ ಕೂಡಲೇ ತಿಳಿಯಿತು. ಊರೆಂದರೆ ಪಾವಗಡದಾಚೆ, ಮನೆಮಾತು ತೆಲುಗು, ಕನ್ನಡವೆಂದರೆ ‘ಅಂಗೆ ಇಂಗೆ’ ಎನ್ನುವ ಹೆಂಗಸು. ಅವಳು ನೆಟ್ಟಗೆ ಕೂತು, "ನಮಗೆ ಇಲ್ಲಿ ಯಾವುದೇ ರೀತಿಯ ತೊಂದರೆ ಇರುವುದಿಲ್ಲ. ಗುರುತಿನ ಚೀಟಿಯು ನಮ್ಮ ಬಳಿಯೇ ಇರುತ್ತದೆ" ಎಂದು ಪಾಠ ಒಪ್ಪಿಸಿದಳು. ಎರಡನೆಯವಳೂ ಅದನ್ನೇ ಹೇಳಿದಳು, ಮೂರನೆಯವಳೂ ಅದನ್ನೇ. ನಮ್ಮ ಕಾಲದಲ್ಲಿ ಈ ಬಾಯಿಪಾಠ ಇರಲಿಲ್ಲ, ಏಕೆಂದರೆ ಕೇಳಲು ಬರುವವರೇ ಇರಲಿಲ್ಲ.

"ಎಲ್ಲಿ, ತೋರ್ಸಿ ನೋಡಾನ" ಅಂದೆ. ಬಂದವರೆಲ್ಲ ಆಧಾರ್ ಕಾರ್ಡು ತೆಗೆದು ಕೊಟ್ಟರು. ಫಳಫಳ ಹೊಳೆಯುತ್ತಿದ್ದವು. ಮೂಗಿನ ಹತ್ತಿರ ಹಿಡಿದರೆ ನುಸಿಗುಳಿಗೆಯ ವಾಸನೆ. ಹಣ್ಣು ಬಡಿಯುವ ಹೆಂಗಸು ಮುಟ್ಟಿದ ಯಾವ ವಸ್ತುವಾದರೂ ಅಂಟದೆ ಇರುತ್ತದೆಯೇ? ಅವಳ ಎಲೆಅಡಿಕೆ ಚೀಲ ಅಂಟು, ಬಾಚಣಿಗೆ ಅಂಟು, ಮಗುವಿನ ಕೆನ್ನೆ ಕೂಡ ಅಂಟು. ಇವು ಬೆಳಿಗ್ಗೆ ಬೀರುವಿನಿಂದ ಹೊರಬಂದು, ಸಂಜೆ ಬೀರುವಿಗೇ ಮರಳುವ ಕಾರ್ಡುಗಳು. ಇದು ನನಗೆ ಗೊತ್ತಾದರೆ ಸಾಲದು, ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳುವವರಿರಲಿಲ್ಲ.

ಒಂಬತ್ತನೆಯವಳು ಎದ್ದು ಬರಲು ಕಷ್ಟಪಟ್ಟಳು. ಇಪ್ಪತ್ತು ಇಪ್ಪತ್ತೊಂದರ ಹುಡುಗಿ, ತುಂಬು ಬಸುರಿ. ಅವಳೂ ಪಾಠ ಒಪ್ಪಿಸಿದಳು, ಹೊಳೆಯುವ ಕಾರ್ಡು ತೋರಿಸಿದಳು. ನಾನು ಪುಸ್ತಕ ಮುಚ್ಚಿಟ್ಟೆ.

"ಎಷ್ಟರಲ್ಲಿ ಐತೆ?"

"ಎಂಟು ತುಂಬ್ತು ಅಕ್ಕ."

"ಚೊಚ್ಚಲಾ?"

"ಊಂ."

"ಮತ್ತೆ ತವರಿಗೆ ಹೋಗಿಲ್ವಾ? ತಾಯಿ ಕಾರ್ಡು ಎಲ್ಲಿ?"

ಹುಡುಗಿ ಕಕ್ಕಾಬಿಕ್ಕಿಯಾದಳು. ಈ ಪ್ರಶ್ನೆಗೆ ಉತ್ತರವನ್ನು ಯಾರೂ ಕಲಿಸಿರಲಿಲ್ಲ. ಬಸುರಿ ಹೆಂಗಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಪುಸ್ತಕ ಅದು. ಪ್ರತಿ ತಿಂಗಳ ತೂಕ, ರಕ್ತ, ಚುಚ್ಚುಮದ್ದು ಎಲ್ಲ ಅದರಲ್ಲಿರುತ್ತದೆ, ಹೆರಿಗೆಗೆ ಹೋದಾಗ ನರ್ಸು ಮೊದಲು ಕೇಳುವುದೇ ಅದನ್ನು. ನಮ್ಮ ಕಡೆ ಹೆಂಗಸರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಾಳಿಯಷ್ಟೇ ಜೋಪಾನ ಮಾಡುತ್ತಾರೆ. ಯಜಮಾನ ಗಂಡಸು. ಬೆಳಿಗ್ಗೆ ಇಪ್ಪತ್ತಾರು ಆಧಾರ್ ಕಾರ್ಡು ಎಣಿಸಿ ಹಂಚಿದವನಿಗೆ ಆ ಪುಸ್ತಕ ಒಂದು ಕಾರ್ಡೆಂದೇ ಹೊಳೆದಿರಲಿಲ್ಲ.

ಅವಳು ಆಫೀಸು ಕೋಣೆಯ ಕಡೆ ನೋಡಿ, ದನಿ ಇಳಿಸಿ, "ಬೀರುವಲ್ಲೈತೆ" ಅಂದಳು. ಆಮೇಲೆ ಎಲ್ಲ ಹೊರಬಂತು. ಗಂಡ ಬೋರ್‌ವೆಲ್ ಲಾರಿಯ ಜೊತೆ ಹೊರರಾಜ್ಯಕ್ಕೆ ಹೋದವನು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ತಾಯಿ ಪಾವಗಡದಾಚೆ ಕಾಯುತ್ತಿದ್ದಾಳೆ. ಏಳು ತುಂಬಿದಾಗಲೇ ಹುಡುಗಿ ಹೊರಟಿದ್ದಳು, ಸುಗ್ಗಿ ಮುಗಿಯಲಿ ಎಂದು ಯಜಮಾನ ಬಿಡಲಿಲ್ಲ. ಫೋನುಗಳೂ ಬೀರುವಿನಲ್ಲಿವೆ, ಭಾನುವಾರ ಐದು ನಿಮಿಷ ಕೊಡುತ್ತಾರೆ, ಪಕ್ಕದಲ್ಲೇ ನಿಂತಿರುತ್ತಾರೆ, ಊರಿಗೆ ಬರುವ ಮಾತೆತ್ತಿದರೆ ಕಸಿದುಕೊಳ್ಳುತ್ತಾರೆ. ಬರೆದುಕೊಳ್ಳಲು ನಾನು ಪೆನ್ನು ತೆಗೆದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಬೆರಳುಗಳು ಕಪ್ಪಾಗಿದ್ದವು.

"ಅಕ್ಕ, ಬರೀಬ್ಯಾಡ್ರಿ. ನೀವ್ ಬರ್ಕಂಡು ಹೋಗ್ಬುಟ್ರೆ ನಮ್ನೆಲ್ಲ ಇನ್ನೆಲ್ಲಿಗೋ ಸಾಗಿಸ್ತಾರೆ. ಮನ್ಸು ತಡೀತಿಲ್ಲ ಅಕ್ಕ, ನಾನು ಅಮ್ಮನ್ ಹತ್ರ ಹೋಗ್ಬೇಕು. ಅಷ್ಟೇಯ, ಇನ್ನೇನೂ ಬ್ಯಾಡ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬರೆಯಬೇಕೆಂದೇ ಅನಿಸಿತು. ಇಷ್ಟು ವರ್ಷ ಕಾದಿದ್ದು ಈ ಒಂದು ಸಾಲಿಗೆ. ‘ವ್ಯಾಪಾರ ನಿಲ್ಲಿಸಿ’ ಎಂದು ಬರೆದರೆ ಅವನು ಮುಳುಗುತ್ತಾನೆ, ಈ ವರ್ಷದ ಅವನ ಹಣ್ಣನ್ನು ಬೇರೆ ಯಾವ ದೊಡ್ಡ ಕಂಪನಿಯೂ ಮುಟ್ಟುವುದಿಲ್ಲ. ಕೈ ತುರಿಸಿತು. ಅವನ ಮುಖ ಬಾಡುವುದನ್ನು ನೋಡಬೇಕಿತ್ತು ನಾನು. ಆದರೆ ಅವನು ಮುಳುಗುವಾಗ ಈ ಹುಡುಗಿ, ಅವಳ ಪುಸ್ತಕ, ಹೊಟ್ಟೆಯ ಕೂಸು ಎಲ್ಲವೂ ಯಾವುದೋ ಟೆಂಪೋದಲ್ಲಿರುತ್ತವೆ. ಶಿರಾದ ಮುದುಕ ಸಾಬರು ಕೇಳಿದ ಪ್ರಶ್ನೆ ಇನ್ನೂ ಮನಸ್ಸಿನಲ್ಲಿ ಉರಿಯುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿ, ಮರದ ಆಚೆ ಹೋಗಿ ಮೇಲಧಿಕಾರಿಗೆ ಫೋನು ಮಾಡಿದೆ.

"ಇದು ತುಂಬಾ ಗಂಭೀರ. ಮೊದಲು ಆರ್ಡರ್ ಕ್ಯಾನ್ಸಲ್ ಮಾಡೋಣ, ನೀವು ಹೊರಟು ಬನ್ನಿ" ಅಂದಳು.

"ಹೊರಟು ಬರಲ್ಲ. ಹೊಸ ನಿಯಮ ಏನು ಅಂತ ತೆಗೆದು ಓದಿ. ಲಾರಿ ತುಂಬಿ ನಿಂತಿದೆ. ಉಗ್ರಾಣಕ್ಕೆ ಹೇಳಿ, ನಾನು ಹೂಂ ಅನ್ನೋವರೆಗೂ ಇವನ ಹಣ್ಣು ಇಳಿಸಬಾರದು. ಕಾರ್ಮಿಕ ಇಲಾಖೆಗೆ ಈಗಲೇ ಫೋನ್ ಮಾಡಿ. ನನಗೊಂದು ಜೀಪ್ ಕಳಿಸಿ."

"ಅಷ್ಟು ಕೂಗಬೇಡಿ, ಕೇಳಿಸ್ತಾ ಇದೆ."

"ಕೂಗ್ತೀನಿ."

ಅವಳಿಗೂ ಹೆದರಿಕೆಯಿತ್ತು, ಪಾಪ. ಮೇಲಿನವರನ್ನು ಕೇಳಬೇಕು ಎಂದಳು. ಆದರೆ ಹತ್ತು ನಿಮಿಷದಲ್ಲಿ ತಿರುಗಿ ಫೋನು ಮಾಡಿ, "ತಡೀರಿ. ನಾನೂ ಹೊರಟೆ" ಅಂದಳು. ಅವತ್ತಿನಿಂದ ನಮ್ಮ ಮೇಲಧಿಕಾರಿಯ ಮೇಲೆ ನನಗೆ ಗೌರವ.

ಯಜಮಾನನ ಮುಂದೆ ಹೋಗಿ ಕೂತೆ. ಹೇಳುವುದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಅವನು ನಕ್ಕ.

"ಏನ್ ಮೇಡಂ ನೀವು, ಕಾರ್ಡೆಲ್ಲ ಅವರ ಹತ್ರಾನೇ ಅವೆ, ನೀವೇ ನೋಡಿದ್ರಲ್ಲ."

"ಬೀರು ತೆಗೀರಿ."

"ಕೀಲಿಕೈ ನಮ್ಮಳಿಯನ ಹತ್ರ ಐತೆ. ಅವ್ನು ಹಿಂದೂಪುರಕ್ಕೆ ಹೋಗವ್ನೆ."

"ಬರಲಿ. ಕಾಯ್ತೀನಿ."

ಕುರ್ಚಿಯನ್ನು ಎಳೆದುಕೊಂಡು ಹೋಗಿ ಗೇಟಿಗೆ ಅಡ್ಡವಾಗಿ ಹಾಕಿ ಕೂತೆ. ಬಿಸಿಲು ನೆತ್ತಿಗೇರಿತು. ಲಾರಿಯ ಡ್ರೈವರು ನೆರಳಿನಲ್ಲಿ ಟವಲು ಹಾಸಿ ಮಲಗಿದ. ಯಜಮಾನ ಒಳಗೆ ಹೋದ, ಹೊರಗೆ ಬಂದ, ಟಾರ್ಪಾಲಿನ ಕೆಳಗೆ ಕೈ ತೂರಿಸಿ ನೋಡಿದ. ಬಿಸಿಲಲ್ಲಿ ನಿಂತ ಹಣ್ಣು ಬೆವರುತ್ತದೆ, ಬಣ್ಣ ಕೆಡುತ್ತದೆ, ಅದು ಅವನಿಗೂ ಗೊತ್ತು ನನಗೂ ಗೊತ್ತು. ಅವನ ಹಣೆಯ ಬೆವರು ಒಂದೊಂದು ಹನಿಯನ್ನೂ ನಾನು ಬಾಯಿ ಚಪ್ಪರಿಸಿಕೊಂಡು ನೋಡಿದೆ. ಯಾರು ಏನೇ ಅಂದುಕೊಳ್ಳಲಿ, ಅಷ್ಟು ಸುಖವಾದ ಮಧ್ಯಾಹ್ನ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

"ಮೇಡಂ, ಹಣ್ ಕಪ್ಪಾಗೋಯ್ತದೆ. ಲಾರಿ ಬುಡಿ, ನಾನೂ ಜೊತೇಲಿ ಹೋಗಿ ಇಳಿಸ್ಕಂಡು ಬತ್ತೀನಿ, ಆಮೇಲ್ ಮಾತಾಡಾನ."

"ನೀವು ಹೋದ್ರೆ ಹಣ್ಣು ಕೆಂಪಗಾಗುತ್ತಾ? ನೀವೇನು ಡಾಕ್ಟ್ರಾ?"

ಅವನಿಗೆ ಏನೂ ನೆನಪಾಗಲಿಲ್ಲ, ಸುಮ್ಮನೆ ಪಿಳಿಪಿಳಿ ಕಣ್ಣು ಬಿಟ್ಟ. ಒಂದು ಗಂಟೆ ಕಳೆಯಿತು. ಹಿಂದೂಪುರಕ್ಕೆ ಹೋಗಿದ್ದ ಕೀಲಿಕೈ ಅವನ ಅಂಗಿಯ ಒಳಜೇಬಿನಲ್ಲೇ ಸಿಕ್ಕಿತು.

ಬೀರು ತೆಗೆದ. ತಾಯಿ ಕಾರ್ಡಿತ್ತು, ಬ್ಯಾಂಕಿನ ಪಾಸ್‌ಬುಕ್ಕುಗಳಿದ್ದವು, ಗೋಧಿಹಿಟ್ಟಿನ ಚೀಲದಲ್ಲಿ ಫೋನುಗಳಿದ್ದವು. ಕೆಲಸ ನಿಲ್ಲಿಸಿ ಹೆಂಗಸರೆಲ್ಲ ಬಾಗಿಲಲ್ಲಿ ಗುಂಪುಗೂಡಿದ್ದರು, ಕೆಲವರ ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. "ನೀವೇ ಒಬ್ಬೊಬ್ಬರ ಹೆಸರು ಓದಿ, ನಿಮ್ಮ ಕೈಯಾರೆ ಕೊಡಿ" ಅಂದೆ. ಕನ್ನಡಕ ಹುಡುಕಿ ಹಾಕಿಕೊಂಡು ಓದತೊಡಗಿದ. ಮೊದಲನೆಯವಳಿಗೆ "ತಗಾ" ಅಂದ. "ತಗಳಮ್ಮ ಅನ್ನಿ" ಎಂದೆ. ಅಂದ. ಇಪ್ಪತ್ತಾರು ಸಲ ಅನ್ನಿಸಿದೆ. ಇಪ್ಪತ್ತಾರನೆಯ ಸಲಕ್ಕೆ ಅವನ ಗಂಟಲು ಒಣಗಿತ್ತು. ನೀರು ಕೊಡಿ ಎಂದು ನಾನು ಯಾರಿಗೂ ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ನನ್ನನ್ನು ಓಲೈಸಲು ನೋಡಿದ.

"ತಮ್ದು ಯಾವೂರು ಮೇಡಂ?"

"ನಿಡುಗಲ್ ಕಡೆ."

"ಓ, ಆ ಕಡೆಯೋರಾ! ಮುಂಚೆ ಶಿರಾದಲ್ಲಿ ನಮ್ಮತ್ರ ಆ ಕಡೆ ಹೆಣ್ಣಾಳು ಬತ್ತಿದ್ರು. ಒಳ್ಳೇ ಕೆಲ್ಸಗಾರ್ರು."

ಇಷ್ಟು ವರ್ಷ ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಸಾರು ಕುದಿಯುವಾಗ ಅವನಿಗೆ ಹೇಳಬೇಕಾದ ಮಾತುಗಳನ್ನು ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ನಾನು ಹೊತ್ತು ತಿರುಗಿದ ಹೆಣಭಾರ ಇವನಿಗೆ ನೆನಪಿನಲ್ಲೂ ಇಲ್ಲ! ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ, ಬಾರಿಸಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಓದುವವರಿಗೆ ಆತಂಕ ಬೇಡ, ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಸುರಿ ಹುಡುಗಿ ಅದೇ ದಿನ ಹೊತ್ತು ಮುಳುಗುವ ಮುಂಚೆ ನಮ್ಮ ಜೀಪಿನಲ್ಲಿ ತವರು ಸೇರಿದಳು. ಹದಿನೇಳನೆಯ ದಿನಕ್ಕೆ ಪಾವಗಡದಲ್ಲಿ ಹೆರಿಗೆಯಾಯಿತು, ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ. ಹನ್ನೊಂದು ಜನ ಊರಿಗೆ ಹೋದರು. ಉಳಿದವರು, ಕಾರ್ಡು ಫೋನು ನಮ್ಮ ಹತ್ತಿರವೇ ಇರುವುದಾದರೆ ಕೆಲಸ ಬೇಕು ಎಂದರು. ಇಲಾಖೆಯವರು ಬಂದರು, ಕೇಸಾಯಿತು, ಅದಿನ್ನೂ ನಡೆಯುತ್ತಿದೆ. ಬೀರುವಿನ ಬಾಗಿಲು ಕಳಚಿಸಿದೆ. ಈಗ ನಮ್ಮವರು ಮುಂಚೆ ತಿಳಿಸದೆ ಹೋಗುತ್ತಾರೆ, ಹೋದ ಕಡೆಯಲ್ಲೆಲ್ಲ ಮೊದಲು ಬೀರು ತೆಗೆಸುತ್ತಾರೆ.

ಆದರೆ ನಾನು ಹೇಳಬೇಕೆಂದು ಕೂತಿದ್ದು ಅದನ್ನಲ್ಲ, ಜೀಪು ಬರುವುದನ್ನು ಕಾಯುತ್ತಿದ್ದಾಗ ನಡೆದದ್ದನ್ನು.

ಹುಡುಗಿ ತಾಯಿ ಕಾರ್ಡನ್ನು ಎದೆಗೆ ಒತ್ತಿಕೊಂಡು, ತಾಯಿಗೆ ಫೋನು ಮಾಡಲು ಹೋದಳು. ಬೀರುವಿನಲ್ಲಿ ಬಿದ್ದಿದ್ದ ಫೋನು ಸತ್ತಿತ್ತು. ನಾನು ಯಜಮಾನನ ಕಡೆ ನೋಡಿ, "ನಿಮ್ಮ ಫೋನಿಂದ ಮಾಡಿ. ಮಗಳು ಬರ್ತಾ ಇದ್ದಾಳೆ ಅಂತ ನೀವೇ ಹೇಳಿ, ಎಲ್ಲರಿಗೂ ಕೇಳಿಸೋ ಹಾಗೆ ಹಾಕಿ" ಅಂದೆ. ಮಾಡಿದ.

"ಅಮ್ಮಾ, ಶೆಡ್ಡಿಂದ ಮಾತಾಡ್ತಾ ಇರೋದು. ನಿನ್ ಮಗ್ಳನ್ನ ಕಳಿಸ್ತಾ ಇದೀನಿ."

ಆ ಕಡೆಯಿಂದ ತಾಯಿಯ ದನಿ ಬಿಕ್ಕಿತು. "ಅಯ್ಯೋ ಸಾಮೀ! ದೇವ್ರಂಗೆ ಹೇಳಿದ್ರಿ. ಅವ್ಳೇ ಬರಲ್ಲ ಅಂತಾಳೆ, ಸುಗ್ಗಿ ಮುಗ್ಸೇ ಬತ್ತಾಳಂತೆ ಅಂತ ಹೋದ್ ತಿಂಗ್ಳು ನೀವೇ ಅಂದಿದ್ರಲ್ಲ, ಒಪ್ಸಿದ್ರಾ? ನೀ ಕಡುಪು ಚಲ್ಲಗುಂಡ, ನಿಮ್ ಹೊಟ್ಟೆ ತಣ್ಗಿರ್ಲಿ ಸಾಮಿ."

ಹುಡುಗಿ ಗರಬಡಿದವಳಂತೆ ನಿಂತಳು. ತನ್ನ ಹೆಸರಿನಲ್ಲಿ ಇವನು ಇಂಥ ಸುಳ್ಳು ಹೇಳಿದ್ದಾನೆಂದು ಅವಳಿಗೂ ಗೊತ್ತಿರಲಿಲ್ಲ. ಹರಕೆ ಕೇಳುತ್ತಾ ಅವನು ತಲೆ ಬೇರೆ ಆಡಿಸುತ್ತಿದ್ದ! ನಾನು ಫೋನು ಕಿತ್ತುಕೊಂಡೆ.

"ಅಮ್ಮಾ, ನಿನ್ ಮಗ್ಳು ಬರಲ್ಲ ಅಂತ ಒಂದಿನಾನೂ ಅಂದಿಲ್ಲ. ಇವ್ನೇ ಬುಡ್ನಿಲ್ಲ. ಅವ್ಳ ತಾಯಿ ಕಾರ್ಡು, ಫೋನು ಬೀರುವಲ್ಲಿಟ್ಟು ಬೀಗ ಹಾಕಿದ್ದ."

ಆ ಕಡೆಯಿಂದ ಶುರುವಾಯಿತು.

"ಎವಡ್ರಾ ನುವ್ವು? ಯಾವನೋ ನೀನು? ನೀ ನೋಟ್ಲೋ ಮನ್ನು ಪೊಯ್ಯ! ನಿನ್ ಬಾಯ್ಗೆ ಮಣ್ಣಾಕ! ಬಸ್ರಿ ಹೆಂಗ್ಸುನ್ನ ಕೂಡಾಕಿದ್ಯೇನೋ? ನಿನ್ ಕೈ ಸೇದೋಗ, ನಿನ್ ಮನೆ ಎಕ್ಕುಟ್ಟೋಗ! ಹೆತ್ತ ಮಗ್ಳೇ ನನ್ನ ಬ್ಯಾಡ ಅಂದ್ಲಲ್ಲ ಅಂತ ಬಾಗ್ಲಲ್ ಕುಂತು ತಿಂಗ್ಳಿಂದ ಅಳ್ತಾ ಇದ್ನಲ್ಲೋ ಪಾಪಿ ನನ್ಮಗ್ನೆ!"

ಅವನು ಫೋನಿಗೆ ಕೈ ಚಾಚಿದ, ನಾನು ಕೊಡಲಿಲ್ಲ. ಕೋಣೆಯಿಂದ ಹೊರಗೆ ಹೋಗಲು ನೋಡಿದ, ಬಾಗಿಲಲ್ಲಿದ್ದ ಹೆಂಗಸರು ಒಂದಿಂಚೂ ಸರಿಯಲಿಲ್ಲ. ಗೋಡೆಗೆ ಒರಗಿ ನಿಂತ. ತಾಯಿ ಕನ್ನಡದಲ್ಲಿ ಬೈದಳು, ತೆಲುಗಿನಲ್ಲಿ ಬೈದಳು, ಎರಡೂ ಸಾಲದೆ ಅತ್ತಳು. ಉಸಿರು ಎಳೆದುಕೊಳ್ಳಲು ನಿಂತಾಗ ಕೇಳಿದಳು:

"ಫೋನ್ ಇಡ್ಕಂಡಿರೋಳು ನೀನ್ಯಾರವ್ವ?"

ಅಧಿಕಾರಿ ಎನ್ನಲು ಬಾಯಿ ಬರಲಿಲ್ಲ. ಅವನ ಮುಖವನ್ನೇ ನೋಡುತ್ತಾ ಹೇಳಿದೆ.

"ನಾನೂ ಇವ್ನ ಶೆಡ್ನಲ್ಲಿ ಹಣ್ ಬಡಿದೋಳೇ ಅಮ್ಮ. ನಮ್ಮವ್ವ ಪಾವಗಡದ ಆಸ್ಪತ್ರೇಲಿ ನನ್ ದಾರಿ ನೋಡ್ತಾ ಸತ್ಲು. ಆಗ್ಲೂ ಇವ್ನು ಗೇಟ್ ತೆಗೀಲಿಲ್ಲ."

ಅವನ ಮುಖದಲ್ಲಿ ಮೊದಲ ಸಲ ಏನೋ ಕದಲಿತು. ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಆ ತಾಯಿ, ಕಿರುಚದೆ, ಮೆತ್ತಗೆ ಕೇಳಿದಳು.

"ಅವ್ನು ಅಲ್ಲೇ ಅವ್ನೇನವ್ವ?"

"ಇಲ್ಲೇ ಅವ್ನೆ."

"ಹಂಗಾರೆ ಕಟ್ ಮಾಡ್ಬ್ಯಾಡ. ಅವ್ನ ಮೂತಿ ಹತ್ರಕ್ಕೆ ಇಡ್ಕ. ನಿಮ್ಮವ್ವ ಬಯ್ಬೇಕಾಗಿದ್ದನ್ನೂ ನಾನೇ ಬಯ್ತೀನಿ."

ಹಿಡಿದೆ.